ಮೋಡ ಕವಿದರೆ ಯುಂಗ್‌ಫ್ರೌ ಹತ್ತಬೇಡ: ಮಗಳಿಗೊಂದು ಪತ್ರ

ಚಿ. ಸೌ. ಪುಟ್ಟಿಗೆ,

ಅಪ್ಪನ ಆಶೀರ್ವಾದಗಳು. ದಸರಾ ರಜೆಗೆ ನೀವೈವರೂ ಸ್ವಿಟ್ಜರ್ಲೆಂಡಿಗೆ ಹೊರಟಿರುವ ಪಟ್ಟಿ ನೋಡಿದೆ. ಇಂಟರ್ಲಾಕನ್‌ನಲ್ಲಿ ನಾಲ್ಕು ರಾತ್ರಿ, ಎರಡನೆಯ ದಿನ ಯುಂಗ್‌ಫ್ರೌಯೋಕ್, ಅಂದರೆ ಯುಂಗ್‌ಫ್ರೌ ಬೆಟ್ಟದ ಪಕ್ಕ ಹಿಮದ ನಡುವೆ ಇರುವ ರೈಲು ನಿಲ್ದಾಣ, ಎಂದು ಅಳಿಯಂದಿರು ಬರೆದಿದ್ದಾರೆ. ಉಳಿದ ಊರುಗಳ ವಿಷಯದಲ್ಲಿ ನಾನು ಹೇಳುವುದೇನೂ ಇಲ್ಲ. ಈ ಒಂದು ದಿನದ ಬಗ್ಗೆ ಮಾತ್ರ ಬಿಡಿಸಿ ಬರೆಯುತ್ತೇನೆ, ಏಕೆಂದರೆ ಇಡೀ ಪ್ರವಾಸದಲ್ಲಿ ಹೆಚ್ಚು ದುಡ್ಡು ಹೋಗುವುದು ಈ ದಿನವೇ, ಅಂದುಕೊಂಡಂತೆ ನಡೆಯದೆ ಹೋಗುವ ಸಂಭವ ಹೆಚ್ಚಿರುವುದೂ ಈ ದಿನವೇ. ಪ್ರವಾಸಿಗಳನ್ನು ಕರೆದೊಯ್ದು ಕ್ಷೇಮವಾಗಿ ಕರೆತರುವುದೇ ನನ್ನ ಕಸುಬಾಗಿತ್ತಾದ್ದರಿಂದ ಎಲ್ಲಿ ಏನು ಕೆಡುತ್ತದೆ, ಯಾಕೆ ಕೆಡುತ್ತದೆ ಅನ್ನುವುದು ನನಗೆ ಗೊತ್ತು.

ಮೊದಲು ಆ ಪಟ್ಟಿಯಲ್ಲಿ "ಎರಡನೆಯ ದಿನ" ಎಂದಿರುವುದನ್ನು ಹೊಡೆದು ಹಾಕು. ನಾಲ್ಕು ರಾತ್ರಿ ಅಂದರೆ ಮೂರು ಪೂರ್ತಿ ಹಗಲು. ಆ ಮೂರರಲ್ಲಿ ಯಾವ ಬೆಳಗು ಚೆನ್ನಾಗಿರುತ್ತದೋ ಅದೇ ನಿಮ್ಮ ಯುಂಗ್‌ಫ್ರೌ ದಿನ. ಉಳಿದೆರಡು ದಿನಗಳಿಗೆ ಹಾಕಿಕೊಂಡಿರುವ ಕೆಲಸಗಳನ್ನು ಹಿಂದೆ ಮುಂದೆ ಮಾಡಿಕೊಳ್ಳಬಹುದು, ಬೆಟ್ಟದ ಹವೆಯನ್ನು ಮಾಡಿಕೊಳ್ಳಲಾಗದು.

ಎರಡನೆಯದು, ಇಲ್ಲಿಂದಲೇ ಮೇಲಿನ ಟಿಕೆಟ್ ಕೊಂಡುಕೊಂಡು ಹೋಗಬೇಡಿ. ಇಂಟರ್ಲಾಕನ್‌ನಿಂದ ಹೋಗಿ ಬರಲು ಪೂರ್ಣ ದರ ದೊಡ್ಡವರೊಬ್ಬರಿಗೆ 200 ಫ್ರಾಂಕ್ ಆಸುಪಾಸು, ಪ್ರವಾಸಿಗಳು ಮುಗಿಬೀಳುವ ತಿಂಗಳುಗಳಲ್ಲಿ ಅದನ್ನೂ ದಾಟುತ್ತದೆ. ಮೇಲೆ ಹೋದಾಗ ಬರೀ ಮೋಡ ಕಂಡಿತೆಂದು ದುಡ್ಡು ವಾಪಸ್ ಕೇಳುವ ಹಾಗಿಲ್ಲ. ನೀವು ಹೇಗೂ ಆ ದೇಶದ ರೈಲು ಬಸ್ಸುಗಳಲ್ಲಿ ಓಡಾಡಲು ಸ್ವಿಸ್ ಟ್ರಾವೆಲ್ ಪಾಸ್ ತೆಗೆದುಕೊಳ್ಳುತ್ತಿದ್ದೀರಿ. ಆ ಪಾಸಿನಲ್ಲಿ ಒಂದು ಕಡೆ ಗ್ರಿಂಡೆಲ್‌ವಾಲ್ಡ್‌ವರೆಗೆ, ಇನ್ನೊಂದು ಕಡೆ ವೆಂಗನ್‌ವರೆಗೆ ಬೇರೆ ಟಿಕೆಟ್ ಬೇಡ. ಅಲ್ಲಿಂದ ಮೇಲಕ್ಕೆ ಶೇಕಡಾ 25 ರಿಯಾಯಿತಿಯಲ್ಲಿ ಟಿಕೆಟ್ ಕೊಳ್ಳಬೇಕು. ಇದರಿಂದ ಆಗುವ ಅನುಕೂಲ ಏನೆಂದರೆ, ಬೆಟ್ಟದ ಬುಡಕ್ಕೆ ಹೋಗಿ ನಿಂತು, ಕತ್ತೆತ್ತಿ ನೋಡಿ, ಆಮೇಲೆ ಪರ್ಸು ತೆಗೆಯಬಹುದು. ಅಲ್ಲಿಯವರೆಗೆ ನಿಮ್ಮ ಕೈಯಿಂದ ಒಂದು ಪೈಸೆ ಹೆಚ್ಚಿಗೆ ಹೋಗಿರುವುದಿಲ್ಲ. ಜನ ಕಿಕ್ಕಿರಿಯುವ ಕಾಲದಲ್ಲಿ ಮೇಲಿನ ರೈಲಿಗೆ ಆಸನ ಕಾಯ್ದಿರಿಸುವ ಏರ್ಪಾಡೂ ಇದೆ, ಅದರ ಹಣ ಟಿಕೆಟ್ಟಿನಿಂದ ಬೇರೆ. ಕಾಯ್ದಿರಿಸುವುದೇ ಆದರೆ ಹಿಂದಿನ ಸಂಜೆ ಹವೆ ನೋಡಿಕೊಂಡು ಮಾಡಿ.

ಮಕ್ಕಳ ಟಿಕೆಟ್ ಬಗ್ಗೆ: ಆರು ತುಂಬದ ಮಗುವಿಗೆ ರೈಲಿನಲ್ಲಿ ಟಿಕೆಟ್ ಬೇಡ. ಮಕ್ಕಳಲ್ಲಿ ದೊಡ್ಡವನಿಗೆ, ಪಾಸ್ ಕೊಳ್ಳುವಾಗಲೇ ಅಪ್ಪ ಅಮ್ಮನ ಜೊತೆ ಮಕ್ಕಳು ಓಡಾಡಲು ಕೊಡುವ ಫ್ಯಾಮಿಲಿ ಕಾರ್ಡ್ ಕೇಳಿ ಪಡೆಯಿರಿ, ಅದಕ್ಕೆ ದುಡ್ಡಿಲ್ಲ. ಪಾಸ್ ತೋರಿಸುವಾಗ ಪಾಸ್‌ಪೋರ್ಟ್ ಕೇಳುತ್ತಾರೆ, ಹೋಟೆಲಿನ ಲಾಕರಿನಲ್ಲಿ ಬಿಟ್ಟು ಹೋಗಬೇಡಿ. ಎಲ್ಲರ ಪಾಸೂ ಒಬ್ಬರ ಮೊಬೈಲಿನಲ್ಲೇ ಇರುವುದೂ ಬೇಡ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಇಲ್ಲಿಂದಲೇ ಕಾಗದದ ಮೇಲೆ ಎರಡು ಪ್ರತಿ ತೆಗೆದು, ಒಂದು ನಿನ್ನ ಹತ್ತಿರ ಒಂದು ಅಳಿಯಂದಿರ ಹತ್ತಿರ ಇರಲಿ.

ಈಗ ಹವೆಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದು.

ಇಂಟರ್ಲಾಕನ್ ಇರುವುದು ಸುಮಾರು 570 ಮೀಟರ್ ಎತ್ತರದಲ್ಲಿ. ಯುಂಗ್‌ಫ್ರೌಯೋಕ್ ನಿಲ್ದಾಣ 3,454 ಮೀಟರ್ ಎತ್ತರದಲ್ಲಿ. ಹೋಟೆಲಿನ ಕಿಟಕಿಯಿಂದ ಕಾಣುವ ಆಕಾಶಕ್ಕೂ ಮೇಲಿನ ಆಕಾಶಕ್ಕೂ ಸಂಬಂಧವೇ ಇಲ್ಲದಿರಬಹುದು. ಮೊಬೈಲಿನಲ್ಲಿ "ಇಂಟರ್ಲಾಕನ್ ಹವಾಮಾನ" ಎಂದು ಹುಡುಕಿ, ಸೂರ್ಯನ ಚಿತ್ರ ನೋಡಿ ಹೊರಟುಬಿಡುವವರು ಎಡವುವುದು ಇಲ್ಲಿಯೇ. ಕೆಳಗೆ ಬಿಸಿಲಿದ್ದು ಮೇಲೆ ಕೈಗೆ ಕೈ ಕಾಣದಷ್ಟು ಮೋಡ ಇರಬಹುದು. ಅಕ್ಟೋಬರ್ ತಿಂಗಳಲ್ಲಿ ಇದರ ತಿರುಗುಮುರುಗೂ ಆಗುತ್ತದೆ: ಕಣಿವೆಯಲ್ಲಿ ದಟ್ಟ ಮಂಜು ಕೂತು ಊರೆಲ್ಲ ಬೂದುಬಣ್ಣವಾಗಿರುತ್ತದೆ, ಒಂದೂವರೆ ಸಾವಿರ ಮೀಟರ್ ದಾಟಿದರೆ ಕಣ್ಣು ಕೋರೈಸುವ ಬಿಸಿಲು. ರಾತ್ರಿ ತಣ್ಣಗಾದ ಭಾರದ ಗಾಳಿ ಕಣಿವೆಯ ತಳದಲ್ಲಿ ನಿಂತುಬಿಡುವುದರಿಂದ ಹಾಗಾಗುತ್ತದೆ. ಆ ಬೂದು ಬೆಳಗನ್ನು ನೋಡಿ "ಇವತ್ತು ಬೇಡ" ಎಂದು ಮತ್ತೆ ಮಲಗಿದವರು ವರ್ಷದ ಒಳ್ಳೆಯ ದಿನಗಳಲ್ಲೊಂದನ್ನು ಕಳೆದುಕೊಂಡಿರುತ್ತಾರೆ.

ಹಾಗಾಗಿ ಮುನ್ಸೂಚನೆಗಿಂತ ವೆಬ್‌ಕ್ಯಾಮೆರಾಗಳನ್ನು ನಂಬು. ಒಂದಲ್ಲ, ನಾಲ್ಕೈದು ನೋಡಬೇಕು, ಅದೂ ಎತ್ತರದ ಕ್ರಮದಲ್ಲಿ, ಏಣಿಯ ಮೆಟ್ಟಿಲು ಹತ್ತಿದ ಹಾಗೆ: ಇಂಟರ್ಲಾಕನ್ 570, ವೆಂಗನ್ 1,274, ಕ್ಲೈನೆ ಶೈಡೆಗ್ 2,061, ಶಿಲ್ಟ್‌ಹಾರ್ನ್ 2,970, ಯುಂಗ್‌ಫ್ರೌಯೋಕ್ 3,454. ಬೆಳಿಗ್ಗೆ ಆರೂವರೆಯಿಂದ ಶುರುಮಾಡಿ ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ. ಎಷ್ಟನೆಯ ಮೆಟ್ಟಿಲಿಗೆ ಚಿತ್ರ ಬೆಳ್ಳಗಾಗುತ್ತದೆ, ಎಷ್ಟನೆಯದಕ್ಕೆ ಮತ್ತೆ ನೀಲಿ ಬರುತ್ತದೆ ಎಂದು ಗುರುತಿಸಿದರೆ ಮೋಡದ ಪದರ ಎಲ್ಲಿಂದ ಎಲ್ಲಿಯವರೆಗಿದೆ ಅನ್ನುವುದು ಸಿಕ್ಕಿಬಿಡುತ್ತದೆ. ಚಿತ್ರದ ಮೂಲೆಯಲ್ಲಿರುವ ಸಮಯ ನೋಡುವುದನ್ನು ಮರೆಯಬೇಡ. ಕೆಲವು ಕ್ಯಾಮೆರಾಗಳು ರಾತ್ರಿ ನಿಂತು ಹಿಂದಿನ ದಿನದ ಚಿತ್ರವನ್ನೇ ತೋರಿಸುತ್ತಿರುತ್ತವೆ. ಆ ಕಡೆಯ ಅನೇಕ ಹೋಟೆಲುಗಳ ಟಿವಿಯಲ್ಲೂ ಬೆಳಿಗ್ಗೆ ಬೆಟ್ಟಗಳ ನೇರ ದೃಶ್ಯ ಬರುವ ಚಾನೆಲ್ ಇರುತ್ತದೆ, ಅತ್ತೆಯವರಿಗೂ ತೋರಿಸು. ಅವರೇ ಕಣ್ಣಾರೆ ನೋಡಿ "ಇವತ್ತು ಬೇಡ ಬಿಡಮ್ಮ" ಅಂದರೆ ನಿನ್ನ ಕೆಲಸ ಅರ್ಧ ಮುಗಿಯಿತು.

ಮೋಡವಿಲ್ಲದೆ ಗಾಳಿ ಇರುವ ದಿನವೂ ಉಂಟು. ಆಲ್ಪ್ಸ್‌ನ ದಕ್ಷಿಣದಿಂದ ಬೆಟ್ಟ ಹಾಯ್ದು ಬೀಸುವ ಫ್ಯೋನ್ ಗಾಳಿ ಬೆಚ್ಚಗೆ, ಒಣಗಿಕೊಂಡು ಬರುತ್ತದೆ. ಆಕಾಶ ತೊಳೆದಿಟ್ಟಂತಿರುತ್ತದೆ, ಬೆಟ್ಟಗಳು ಕೈಗೆಟುಕುವಷ್ಟು ಹತ್ತಿರ ಕಾಣುತ್ತವೆ. ಆದರೆ ಅದು ಜೋರಾದರೆ ತೂಗುತೊಟ್ಟಿಲುಗಳನ್ನು (ಕೇಬಲ್ ಕಾರ್) ನಿಲ್ಲಿಸುತ್ತಾರೆ, ಮೇಲೆ ಹಿಮದ ಮೇಲೆ ಹೊರಗೆ ಬಿಡುವುದಿಲ್ಲ. ಆಗ ಕಟ್ಟಡದ ಒಳಗೆ ನಿಂತು ಗಾಜಿನಿಂದ ನೋಡುವುದಷ್ಟೇ. ಜೊತೆಗೆ, ಅಕ್ಟೋಬರ್ ಕೊನೆಗೆ ಬೇಸಿಗೆ ಹಂಗಾಮು ಮುಗಿದು ಕೆಲವು ತೂಗುತೊಟ್ಟಿಲುಗಳು ವಾರ್ಷಿಕ ದುರಸ್ತಿಗೆ ನಿಲ್ಲುತ್ತವೆ. ಫಲಕದಲ್ಲಿ "ರೆವಿಸಿಯೋನ್" ಎಂದಿದ್ದರೆ ಅದೇ ಅರ್ಥ. ಯಾವುದು ಓಡುತ್ತಿದೆ, ಯಾವುದು ಇಲ್ಲ ಎಂಬುದು ರೈಲ್ವೆಯ ಜಾಲತಾಣದಲ್ಲಿ ಆಯಾ ದಿನದ ಬೆಳಿಗ್ಗೆಯೇ ಇರುತ್ತದೆ, ವೆಬ್‌ಕ್ಯಾಮೆರಾ ನೋಡುವಾಗಲೇ ಅದನ್ನೂ ನೋಡಿಬಿಡು.

ಏಣಿ ಹತ್ತಿ ನೋಡಿದ ಮೇಲೆ ತೀರ್ಮಾನ ಹೀಗಿರಲಿ. ಕೆಳಗೆ ಮಂಜು, ಮೇಲೆ ಬಿಸಿಲು ಎಂದಾದರೆ ಒಂದು ನಿಮಿಷವೂ ಯೋಚಿಸದೆ ಹೊರಡಿ. ಎಲ್ಲ ಮೆಟ್ಟಿಲೂ ತಿಳಿಯಾಗಿದ್ದರೆ ಹೇಳುವುದೇ ಬೇಡ, ಆದರೆ ಬೇಗ ಹೊರಡಿ. ಬಿಸಿಲೇರಿದಂತೆ ಕಣಿವೆಯ ಗಾಳಿ ಬೆಚ್ಚಗಾಗಿ ಮೇಲೇರಿ, ಮಧ್ಯಾಹ್ನದ ಹೊತ್ತಿಗೆ ಶಿಖರಗಳ ಸುತ್ತ ಮೋಡ ಕಟ್ಟಿಕೊಳ್ಳುವುದುಂಟು. ಎಂಟರೊಳಗೆ ಇಂಟರ್ಲಾಕನ್ ಬಿಟ್ಟರೆ ಹತ್ತರ ಒಳಗೆ ಮೇಲಿರುತ್ತೀರಿ. ವೆಂಗನ್ ತಿಳಿ, ಶೈಡೆಗ್ ಅರೆಬರೆ, ಮೇಲಿನದೆರಡೂ ಬಿಳಿ ಎಂದಾದರೆ ಯುಂಗ್‌ಫ್ರೌ ಬಿಟ್ಟು ಮ್ಯೂರೆನ್‌ಗೆ ಹೋಗಿ. ಎಲ್ಲವೂ ಬಿಳಿ, ಮೇಲಿಂದ ಮಳೆ ಅಂದರೆ ಬೆಟ್ಟದ ದಿಕ್ಕಿಗೇ ಮುಖ ಮಾಡಬೇಡಿ, ಬರ್ನ್ ನಗರಕ್ಕೆ ಹೋಗಿ. ಈ ಎರಡರ ವಿಷಯ ಮುಂದೆ ಬರೆಯುತ್ತೇನೆ.

ಇಲ್ಲಿ ಒಂದು ಮಾತು ಹೇಳಲೇಬೇಕು ಪುಟ್ಟಿ. "ಇಷ್ಟು ದೂರ ಬಂದಿದ್ದೀವಿ, ಹೋಗಿಯೇಬಿಡೋಣ" ಅನ್ನುವ ಮಾತು ನಿಮ್ಮೈವರಲ್ಲಿ ಯಾರ ಬಾಯಿಂದಲಾದರೂ ಬಂದೇ ಬರುತ್ತದೆ. ವಿಮಾನದ ದುಡ್ಡು ಹೋಗಿಯಾಯಿತು, ಮೋಡದಲ್ಲಿ ಬೆಟ್ಟ ಹತ್ತಿದರೆ ಅದೇನೂ ಹಿಂದಿರುಗಿ ಬರುವುದಿಲ್ಲ. ಬದಲಿಗೆ ಮೂವರು ದೊಡ್ಡವರ ಟಿಕೆಟ್ ಹಣವೂ ಅದರ ಜೊತೆ ಸೇರಿಕೊಳ್ಳುತ್ತದೆ. ಆ ಹೊತ್ತಿಗೆ ಮನೆಯವರ ಮಧ್ಯೆ ವಾದ ಬೇಡ. ಹಿಂದಿನ ರಾತ್ರಿಯೇ ಅಳಿಯಂದಿರ ಜೊತೆ ಕೂತು, ಇಂತಿಂಥ ಕ್ಯಾಮೆರಾ ಬಿಳಿಯಿದ್ದರೆ ಹೋಗುವುದಿಲ್ಲ ಎಂದು ಮಾತಾಡಿಕೊಂಡು ಮಲಗಿ.

ಇನ್ನು ರೈಲು. ಇಂಟರ್ಲಾಕನ್‌ನಲ್ಲಿ ಎರಡು ನಿಲ್ದಾಣಗಳಿವೆ, ವೆಸ್ಟ್ ಮತ್ತು ಓಸ್ಟ್. ಬೆಟ್ಟದ ಗಾಡಿಗಳು ಹೊರಡುವುದು ಓಸ್ಟ್‌ನಿಂದ, ಅರ್ಧ ಗಂಟೆಗೊಂದು. ಬರ್ನ್ ಕಡೆಯಿಂದ ಬರುವಾಗ ಮೊದಲು ವೆಸ್ಟ್ ಸಿಗುತ್ತದೆ, ಅಲ್ಲಿ ಇಳಿದುಬಿಡಬೇಡಿ, ನಿಮ್ಮ ಹೋಟೆಲ್ ಇರುವುದೂ ಓಸ್ಟ್ ಹತ್ತಿರವೇ.

ಓಸ್ಟ್‌ನಲ್ಲಿ ಹತ್ತುವಾಗ ಎಚ್ಚರ ಬೇಕು. ಅದು ನೋಡಲು ಒಂದೇ ಉದ್ದನೆಯ ಗಾಡಿ, ಆದರೆ ಎರಡು ಗಾಡಿಗಳನ್ನು ಸೇರಿಸಿದ್ದು. ಮಧ್ಯದಲ್ಲಿ ತ್ಸ್‌ವೈಲ್ಯುಚಿನೆನ್ ಎಂಬ ಸಣ್ಣ ನಿಲ್ದಾಣದಲ್ಲಿ ಬೇರ್ಪಟ್ಟು ಒಂದು ಭಾಗ ಲೌಟರ್‌ಬ್ರುನೆನ್‌ಗೆ, ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೆ ಹೋಗುತ್ತದೆ. ನೀವು ಹತ್ತಬೇಕಾದ್ದು ಗ್ರಿಂಡೆಲ್‌ವಾಲ್ಡ್ ಭಾಗ. ಒಂದು ಭಾಗದಿಂದ ಇನ್ನೊಂದಕ್ಕೆ ಒಳಗಿನಿಂದ ದಾಟಲು ಆಗುವುದಿಲ್ಲ. ಪ್ಲಾಟ್‌ಫಾರ್ಮಿನ ಮೇಲಿನ ಪರದೆಯಲ್ಲಿ ಯಾವ ಅಕ್ಷರದ ಬಳಿ ಯಾವ ಊರಿನ ಡಬ್ಬಿ ನಿಲ್ಲುತ್ತದೆ ಎಂದು ತೋರಿಸುತ್ತಾರೆ, ಡಬ್ಬಿಯ ಪಕ್ಕದಲ್ಲೂ ಊರಿನ ಹೆಸರಿರುತ್ತದೆ. ಎರಡನ್ನೂ ಓದಿ ಹತ್ತಿ. ಕಿಟಕಿ ಸೀಟು ಹುಡುಕುತ್ತಾ ಒಬ್ಬರು ಮುಂದೆ ಒಬ್ಬರು ಹಿಂದೆ ಓಡಿದಾಗಲೇ ಮನೆಯವರು ಎರಡು ಪಾಲಾಗುವುದು. ಬಾಗಿಲು ತಾನಾಗಿ ತೆರೆಯುವುದಿಲ್ಲ, ಗುಂಡಿ ಒತ್ತಬೇಕು. ಗಾಡಿ ಹೇಳಿದ ನಿಮಿಷಕ್ಕೆ ಹೊರಡುತ್ತದೆ, ಅದಕ್ಕೂ ಕೆಲವು ಕ್ಷಣ ಮೊದಲೇ ಬಾಗಿಲು ಮುಚ್ಚಿರುತ್ತದೆ.

ತಪ್ಪು ಭಾಗದಲ್ಲಿ ಕೂತಿದ್ದೀರಿ ಎಂದು ಗೊತ್ತಾದರೆ ಗಾಬರಿ ಬೇಡ. ತ್ಸ್‌ವೈಲ್ಯುಚಿನೆನ್‌ನಲ್ಲಿ ಇಳಿದು ಇನ್ನೊಂದು ಭಾಗಕ್ಕೆ ನಡೆದು ಹೋಗಬಹುದು, ವಿಲ್ಡರ್ಸ್‌ವಿಲ್ ಆದ ಮೇಲೆ ಬರುವ ನಿಲ್ದಾಣ ಅದು. ಅದೂ ತಪ್ಪಿ ಲೌಟರ್‌ಬ್ರುನೆನ್‌ಗೇ ಹೋಗಿಬಿಟ್ಟರೂ ನಷ್ಟವಿಲ್ಲ. ಅಲ್ಲಿಂದ ಹಲ್ಲುಚಕ್ರದ ರೈಲು ವೆಂಗನ್ ಮೇಲೆ ಹಾದು ಕ್ಲೈನೆ ಶೈಡೆಗ್‌ಗೆ ಹೋಗುತ್ತದೆ, ಅಲ್ಲಿ ಯುಂಗ್‌ಫ್ರೌ ರೈಲಿಗೆ ಬದಲಾಯಿಸಿಕೊಂಡರೆ ಮುಂದಿನ ನಿಲ್ದಾಣ ಐಗರ್‌ಗ್ಲೆಚರ್. ಗ್ರಿಂಡೆಲ್‌ವಾಲ್ಡ್ ಕಡೆಯಿಂದ ಬಂದವರೂ ಐಗರ್‌ಗ್ಲೆಚರ್‌ಗೇ ಬರುತ್ತಾರೆ. ಎರಡೂ ದಾರಿ ಅಲ್ಲಿ ಕೂಡುತ್ತವೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಅಷ್ಟೆ. ಕಾಯ್ದಿರಿಸಿದ ಗಾಡಿ ತಪ್ಪಿದ್ದರೆ ಅಲ್ಲಿರುವ ಸಿಬ್ಬಂದಿಗೆ ಚೀಟಿ ತೋರಿಸಿ ಮುಂದಿನ ಗಾಡಿಯಲ್ಲಿ ಜಾಗ ಇದೆಯೇ ಕೇಳಿ.

ನಿಮಗೆ ನಾನು ಹೇಳುವ ದಾರಿ ಗ್ರಿಂಡೆಲ್‌ವಾಲ್ಡ್‌ದೇ. ಇಳಿಯಬೇಕಾದ್ದು "ಗ್ರಿಂಡೆಲ್‌ವಾಲ್ಡ್ ಟರ್ಮಿನಲ್"ನಲ್ಲಿ, ಊರಿನ ಮುಖ್ಯ ನಿಲ್ದಾಣಕ್ಕಿಂತ ಮೊದಲೇ ಬರುತ್ತದೆ. 2020ರ ಡಿಸೆಂಬರಿನಲ್ಲಿ ಶುರುವಾದ ಐಗರ್ ಎಕ್ಸ್‌ಪ್ರೆಸ್ ತೂಗುತೊಟ್ಟಿಲು ಅಲ್ಲಿಂದ ಹದಿನೈದು ನಿಮಿಷದಲ್ಲಿ ಐಗರ್‌ಗ್ಲೆಚರ್‌ಗೆ, ಅಂದರೆ 2,320 ಮೀಟರಿಗೆ ಒಯ್ಯುತ್ತದೆ. ಒಂದೊಂದು ತೊಟ್ಟಿಲಲ್ಲಿ 26 ಜನ ಕೂರಬಹುದು, ಅತ್ತೆಯವರ ಮೊಣಕಾಲಿಗೆ ಕಷ್ಟವಿಲ್ಲ. ಟಿಕೆಟ್ ಕೊಳ್ಳುವುದಕ್ಕೆ ಮೊದಲು ಟರ್ಮಿನಲ್ಲಿನ ಪರದೆಯಲ್ಲಿ ಮೇಲಿನ ದೃಶ್ಯ ಇನ್ನೊಮ್ಮೆ ನೋಡಿ. ಅದು ನಿಮ್ಮ ಕೊನೆಯ ಬಿಟ್ಟಿ ಅವಕಾಶ. ಗಾಳಿಯಿಂದಲೋ ದುರಸ್ತಿಯಿಂದಲೋ ತೊಟ್ಟಿಲು ನಿಂತಿದ್ದರೆ ವೆಂಗನ್ ಕಡೆಯ ಹಲ್ಲುಚಕ್ರದ ರೈಲು ಓಡುತ್ತಿದೆಯೇ ಎಂದು ಅಲ್ಲೇ ಕೇಳಿ ತಿಳಿದುಕೊಳ್ಳಿ.

ಐಗರ್‌ಗ್ಲೆಚರ್‌ನಿಂದ ಮೇಲೆ ಹೋಗುವ ಗಾಡಿ ಬಹುತೇಕ ಬಂಡೆಯೊಳಗಿನ ಸುರಂಗದಲ್ಲೇ ಸಾಗುತ್ತದೆ, 26 ನಿಮಿಷ. ದೊಡ್ಡವನಿಗೆ ಬೇಸರವಾದೀತು, ಈ ಕಥೆ ಹೇಳು: ಅಡಾಲ್ಫ್ ಗುಯರ್ ತ್ಸೆಲ್ಲರ್ ಎಂಬ ಉದ್ಯಮಿ 1893ರಲ್ಲಿ ಈ ಸುರಂಗದ ಕನಸು ಕಂಡರು. ಕೆಲಸ ಶುರುವಾದದ್ದು 1896ರಲ್ಲಿ. 1899ರಲ್ಲಿ ಅವರು ತೀರಿಕೊಂಡರು. ರೈಲು ಮೇಲೆ ಮುಟ್ಟಿ, 1912ರ ಆಗಸ್ಟ್ 1ಕ್ಕೆ, ಆ ದೇಶದ ರಾಷ್ಟ್ರೀಯ ಹಬ್ಬದ ದಿನ, ಸಂಚಾರ ಆರಂಭವಾಯಿತು. ನಡುವೆ ಐಸ್‌ಮೇರ್‌ನಲ್ಲಿ ಗಾಡಿ ಐದು ನಿಮಿಷ ನಿಲ್ಲುತ್ತದೆ, ಬಂಡೆ ಕೊರೆದು ಇಟ್ಟ ಕಿಟಕಿಯಿಂದ ಹಿಮನದಿ ಕಾಣುತ್ತದೆ. ಎಲ್ಲರೂ ಒಟ್ಟಿಗೆ ಇಳಿಯಬೇಡಿ. ಒಬ್ಬ ದೊಡ್ಡವರು ಮಗುವಿನ ಜೊತೆ ಒಳಗೇ ಇರಲಿ.

ಈಗ ನನ್ನ ಮನಸ್ಸಿನಲ್ಲಿ ಹೆಚ್ಚು ಕೊರೆಯುತ್ತಿರುವ ವಿಷಯ. ನಮ್ಮ ಮುಳ್ಳಯ್ಯನಗಿರಿ ಎರಡು ಸಾವಿರ ಮೀಟರ್ ಇಲ್ಲ. ನೀವು ಎರಡು ಗಂಟೆಯೊಳಗೆ ಅದಕ್ಕಿಂತ ಒಂದೂವರೆ ಸಾವಿರ ಮೀಟರ್ ಮೇಲಿರುತ್ತೀರಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೆ ಎರಡರಷ್ಟು ಮಾತ್ರ, ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ಆರೋಗ್ಯವಂತರಿಗೂ ತಲೆ ಹಗುರಾದಂತೆ, ಕಾಲು ಭಾರವಾದಂತೆ ಆಗುತ್ತದೆ. ಅತ್ತೆಯವರಿಗೆ 68, ಬಿಪಿ ಮಾತ್ರೆ ನಡೆಯುತ್ತಿದೆ. ಹೊರಡುವ ಮೊದಲು ಅವರನ್ನು ನೋಡುವ ವೈದ್ಯರ ಬಳಿ ಕರೆದುಕೊಂಡು ಹೋಗಿ, "3,450 ಮೀಟರ್ ಎತ್ತರ, ಎರಡು ಗಂಟೆ" ಎಂದು ಹಾಗೆಯೇ ಹೇಳಿ ಕೇಳು. ಸುಮ್ಮನೆ "ಫಾರಿನ್ ಟೂರ್ ಹೋಗಬಹುದಾ" ಎಂದು ಕೇಳಿದರೆ ಉತ್ತರವೇ ಬೇರೆ ಬರುತ್ತದೆ. ಅವರು ಬೇಡ ಅಂದರೆ ಅತ್ತೆಯವರು ವೆಂಗನ್‌ನಲ್ಲೋ ಮ್ಯೂರೆನ್‌ನಲ್ಲೋ ಬಿಸಿಲಿಗೆ ಕೂತು ಅದೇ ಬೆಟ್ಟಗಳನ್ನು ನೋಡಲಿ, ಒಬ್ಬರು ಜೊತೆಗಿರಿ. ಹೋಗಬಹುದು ಅಂದರೆ ಆ ದಿನ ಬೆಳಗಿನ ಮಾತ್ರೆ ತಪ್ಪಿಸಬಾರದು.

ಮೇಲೆ ಇಳಿದ ತಕ್ಷಣ ಫೋಟೊಕ್ಕೆ ಓಡಬೇಡಿ. ಹಜಾರದಲ್ಲಿ ಹದಿನೈದು ನಿಮಿಷ ಕೂತು, ಬೆಚ್ಚಗಿನ ನೀರು ಗುಟುಕರಿಸಿ, ಆಮೇಲೆ ನಿಧಾನವಾಗಿ ನಡೆಯಿರಿ. ದೊಡ್ಡವನಿಗೆ ಓಡಬಾರದು ಎಂದು ಮೊದಲೇ ಹೇಳಿಡು. ಅಲ್ಲಿ ಮಕ್ಕಳಿಗೆ ಸುಸ್ತಾಗುವುದು ಹಿಮ ಕಂಡ ಖುಷಿಗೆ ಎಗರಾಡಿ. ಪಾಪುವಿಗೆ ಎರಡೂವರೆ ವರ್ಷ, ತಲೆ ನೋಯುತ್ತಿದೆ ಎಂದು ಹೇಳಲು ಬರುವುದಿಲ್ಲ. ಸುಮ್ಮಸುಮ್ಮನೆ ಕಿರಿಕಿರಿ, ತಿನ್ನಲು ಬೇಡ ಅನ್ನುವುದು, ವಾಂತಿ, ಎಂದಿಲ್ಲದ ತೂಕಡಿಕೆ ಇವುಗಳನ್ನೇ ಗಮನಿಸಬೇಕು. ಹತ್ತುವಾಗ ಇಳಿಯುವಾಗ ಕಿವಿ ಅಡೈಸಿ ಅಳುತ್ತದೆ, ಇಳಿಯುವಾಗ ಹೆಚ್ಚು. ಆಗ ಏನಾದರೂ ಕುಡಿಯಲು ಕೊಡುತ್ತಿದ್ದರೆ ನುಂಗುವುದರಿಂದ ಕಿವಿ ಬಿಡುತ್ತದೆ. ಅದಕ್ಕೆ ನೆಗಡಿಯಾಗಿ ಮೂಗು ಕಟ್ಟಿದ್ದರೆ ಆ ದಿನ ಪಾಪುವನ್ನು ಮೇಲೆ ಕರೆದೊಯ್ಯಲೇಬೇಡ.

ಯಾರಿಗೇ ಆಗಲಿ ತಲೆನೋವು, ವಾಕರಿಕೆ, ತಲೆಸುತ್ತು ಬಂದು, ಕೂತು ವಿಶ್ರಾಂತಿ ಪಡೆದರೂ ಕಡಿಮೆಯಾಗಲಿಲ್ಲ ಅಂದರೆ ಮುಂದಿನ ಗಾಡಿಗೆ ಇಳಿಯಬೇಕು. ಕೆಳಗಿಳಿಯುವುದೇ ಔಷಧ. ತಲೆನೋವಿನ ಮಾತ್ರೆ ನುಂಗಿ ಮೇಲೆಯೇ ಉಳಿಯುವುದು ಸರಿಯಲ್ಲ. ಮಾತು ತೊದಲುವುದು, ನಡೆಯುವಾಗ ತೂರಾಡುವುದು, ತುಟಿ ನೀಲಿಯಾಗುವುದು, ಎದೆ ನೋವು, ಇವು ಕಂಡರೆ ಹತ್ತಿರದ ಸಿಬ್ಬಂದಿಗೆ ಹೇಳಿ. ಆಂಬುಲೆನ್ಸಿಗೆ 144, ಯಾವುದೇ ತುರ್ತಿಗೂ 112. ಅತ್ತೆಯವರು ಇಳಿಯಬೇಕಾಗಿ ಬಂದರೆ ಅಳಿಯಂದಿರು ಜೊತೆಗೆ, ಪಾಪು ಇಳಿಯಬೇಕಾದರೆ ನೀನು ಜೊತೆಗೆ, ದೊಡ್ಡವನು ಉಳಿದವರ ಜೊತೆಗೆ ಎಂದು ಹೋಟೆಲಿನಲ್ಲೇ ನಿಶ್ಚಯ ಮಾಡಿಕೊಳ್ಳಿ. ಇಲ್ಲದಿದ್ದರೆ ಆ ಹೊತ್ತಿನಲ್ಲಿ "ನನಗೇನೂ ಇಲ್ಲ, ನೀವು ನೋಡ್ಕೊಂಡು ಬನ್ನಿ" ಎಂದು ಅತ್ತೆಯವರು ಒಬ್ಬರೇ ಮೂಲೆಯಲ್ಲಿ ಕೂತುಬಿಡುತ್ತಾರೆ. ಆ ಸ್ವಭಾವ ನಿನಗೂ ಗೊತ್ತು. ಒಟ್ಟಾರೆ ಎರಡು ಗಂಟೆಗಿಂತ ಹೆಚ್ಚು ಮೇಲಿರಬೇಡಿ.

ಬಟ್ಟೆಗೆ ಲೆಕ್ಕ ಸುಲಭ. ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಕಡಿಮೆಯಾಗುತ್ತದೆ. ಹೋಟೆಲಿನ ಬಳಿ 15 ಇದ್ದರೆ ಮೇಲೆ ಶೂನ್ಯಕ್ಕಿಂತ ಮೂರು ನಾಲ್ಕು ಕೆಳಗೆ, ಗಾಳಿಗೆ ಇನ್ನೂ ಕೊರೆಯುತ್ತದೆ. ದಪ್ಪದೊಂದು ಕೋಟಿಗಿಂತ ಮೂರು ಪದರ ಮೇಲು, ಸುರಂಗದ ರೈಲಿನಲ್ಲಿ ಸೆಕೆಯಾದರೆ ಒಂದು ತೆಗೆಯಬಹುದು. ಅತ್ತೆಯವರು ಸೀರೆಯನ್ನೇ ಉಡುತ್ತಾರೆ, ಉಡಲಿ. ಆದರೆ ಹತ್ತಿಯದು ಬೇಡ. ಅಂಚು ಹಿಮಕ್ಕೆ ತಾಗಿ ನೀರು ಹೀರಿಕೊಂಡು ಕಾಲಿಗೆ ಅಂಟಿಕೊಳ್ಳುತ್ತದೆ, ಸ್ವಲ್ಪ ಹೊತ್ತಿಗೆ ಅದೇ ಸೆಟೆದುಕೊಳ್ಳುತ್ತದೆ. ಸಿಂಥೆಟಿಕ್ ಸೀರೆಯನ್ನು ಹಿಮ್ಮಡಿಯಿಂದ ನಾಲ್ಕು ಬೆರಳು ಮೇಲೆ ಬರುವಂತೆ ಉಡಿಸು, ಒಳಗೆ ಥರ್ಮಲ್ ಲೆಗಿಂಗ್ಸ್, ಮೊಣಕಾಲವರೆಗೆ ಬರುವ ಉಣ್ಣೆ ಕಾಲುಚೀಲ, ತಳ ಹಿಡಿತವಿರುವ ಶೂ. ಚಪ್ಪಲಿಗೆ ಕಾಲುಚೀಲ ಹಾಕಿಕೊಂಡು ಹೋಗುವುದು ಬೇಡವೇ ಬೇಡ. ಜನ ತುಳಿದು ತುಳಿದು ಹೊರಗಿನ ಹಿಮ ಗಾಜಿನಂತಾಗಿರುತ್ತದೆ, ಹಿಮನದಿಯೊಳಗೆ ಕೊರೆದ ಐಸ್ ಪ್ಯಾಲೇಸಿನ ನೆಲವಂತೂ ಪೂರ್ತಿ ಹಿಮಗಡ್ಡೆಯೇ. ಪಕ್ಕದ ಕಂಬಿ ಹಿಡಿದು ನಡೆಸು. ಕಪ್ಪು ಕನ್ನಡಕ ಐವರಿಗೂ ಬೇಕು, ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣಗಳ ಬಹುಪಾಲನ್ನು ಮುಖಕ್ಕೇ ಎಸೆಯುತ್ತದೆ. ಗಲ್ಲದ ಕೆಳಗೂ ಸನ್‌ಸ್ಕ್ರೀನ್ ಹಚ್ಚು.

ತಿಂಡಿ ಕಟ್ಟಿಕೊಂಡು ಹೋಗು, ಮೇಲೆ ಊಟ ದುಬಾರಿ, ಸರದಿಯೂ ಉದ್ದ. ಇಲ್ಲಿಂದ ಒಯ್ಯುವಾಗ ತುಪ್ಪ, ಹಾಲಿನ ಸಿಹಿ, ಹಸಿ ಕರಿಬೇವು ಪೆಟ್ಟಿಗೆಗೆ ಹಾಕಬೇಡ. ಭಾರತದಿಂದ ಹಾಲಿನ ಪದಾರ್ಥ, ಮಾಂಸ, ಹಸಿ ಸೊಪ್ಪು ತರಕಾರಿ ಅವರ ದೇಶದೊಳಗೆ ಬಿಡುವುದಿಲ್ಲ. ಅಮ್ಮ ಮಾಡಿಕೊಡುವ ಪುಳಿಯೋಗರೆ ಗೊಜ್ಜು, ಚಕ್ಕುಲಿ, ಕೋಡುಬಳೆಗೆ ತೊಂದರೆಯಿಲ್ಲ. ಗೊಜ್ಜಿನ ಡಬ್ಬಿಯನ್ನು ಕಂಠಮಟ್ಟ ತುಂಬಿ ಮುಚ್ಚಳ ಒತ್ತಿ ಬೆಟ್ಟಕ್ಕೆ ಒಯ್ದರೆ ಒಳಗಿನ ಗಾಳಿ ಹಿಗ್ಗಿ ಮುಚ್ಚಳ ಎದ್ದು, ಎಣ್ಣೆಯೆಲ್ಲ ಬ್ಯಾಗಿಗೆ. ಆ ದಿನಕ್ಕೆ ಅನ್ನವನ್ನೇ ಕಲಸಿ ಕಟ್ಟಿಕೊಂಡುಬಿಡು. ಚಿಪ್ಸ್ ಪೊಟ್ಟಣ ಮೇಲೆ ಚೆಂಡಿನಂತೆ ಉಬ್ಬಿರುವುದನ್ನು, ಅಲ್ಲಿ ಮುಚ್ಚಳ ಬಿಗಿದ ಖಾಲಿ ನೀರಿನ ಬಾಟಲಿ ಕೆಳಗೆ ಬಂದಾಗ ನಜ್ಜುಗುಜ್ಜಾಗಿರುವುದನ್ನು ದೊಡ್ಡವನಿಗೆ ತೋರಿಸು. ಗಾಳಿಯ ಒತ್ತಡದ ಪಾಠ ಅವನು ಮರೆಯುವುದಿಲ್ಲ. ಊರಿನ ಕಾರಂಜಿಗಳ ನೀರು ಕುಡಿಯಬಹುದು, "ಕೈನ್ ಟ್ರಿಂಕ್‌ವಾಸ್ಸರ್" ಎಂದು ಬರೆದಿದ್ದರೆ ಮಾತ್ರ ಕುಡಿಯಬಾರದು.

ಮೇಲೆ ಹೋದ ಮೇಲೆ ಮೋಡ ಬಂದರೆ ಅದರ ಜಾತಿ ನೋಡು. ತುಂಡುತುಂಡಾಗಿ ಬಂದು ಹೋಗುತ್ತಾ ನಡುನಡುವೆ ನೀಲಿ ಇಣುಕುತ್ತಿದ್ದರೆ ಒಂದೆರಡು ಗಾಡಿ ಬಿಟ್ಟು ಕಾಯಬಹುದು. ಆ ಹೊತ್ತಿಗೆ ಒಳಗಿನ ಐಸ್ ಪ್ಯಾಲೇಸ್ ನೋಡಿ ಬನ್ನಿ, ನೋಡುವ ಸುತ್ತುದಾರಿಗೆ "ಟೂರ್" ಎಂಬ ಫಲಕಗಳಿವೆ. ತೆರವಾದ ಕೂಡಲೇ ಲಿಫ್ಟಿನಲ್ಲಿ ಸ್ಫಿಂಕ್ಸ್ ಎಂಬ ನೋಟದ ಕಟ್ಟೆಗೆ ಹೋದರೆ ಆಲ್ಪ್ಸ್‌ನಲ್ಲೇ ಅತಿ ಉದ್ದವಾದ ಆಲೆಚ್ ಹಿಮನದಿ ದಕ್ಷಿಣಕ್ಕೆ ಚಾಚಿಕೊಂಡಿರುವುದು ಕಾಣುತ್ತದೆ. ಒಂದೇ ಸಮ ಬೂದು, ಅದರ ಮೇಲೆ ಹಿಮ ಬೀಳುತ್ತಿದೆ ಅಂದರೆ ಅದು ಆ ದಿನಕ್ಕೆ ಸರಿಯುವ ಮೋಡವಲ್ಲ, ಅತ್ತೆಯವರ ಕೈಗೆ ಒಂದು ಹಿಡಿ ಹಿಮ ಕೊಟ್ಟು ಇಳಿದುಬಿಡಿ. ಮೇಲೆ ಕಾಲಿಟ್ಟ ಕೂಡಲೇ ಕೊನೆಯ ಗಾಡಿಯ ಹೊತ್ತಿನ ಫಲಕದ ಫೋಟೊ ತೆಗೆದಿಟ್ಟುಕೋ, ಆದರೆ ಅದಕ್ಕೆ ಕಾಯಬೇಡಿ. ಅದರಲ್ಲಿ ಎಲ್ಲರೂ ಇಳಿಯುತ್ತಾರೆ.

ಮ್ಯೂರೆನ್‌ನ ವಿಷಯ. ಲೌಟರ್‌ಬ್ರುನೆನ್ ನಿಲ್ದಾಣದ ಎದುರಿನಿಂದ ತೂಗುತೊಟ್ಟಿಲಲ್ಲಿ ಗ್ರ್ಯೂಚಾಲ್ಪ್, ಅಲ್ಲಿಂದ ಪುಟ್ಟ ರೈಲು. ಎಲ್ಲವೂ ಪಾಸಿನಲ್ಲೇ. ಸುಮಾರು 1,640 ಮೀಟರ್ ಎತ್ತರ, ಬಿಪಿಯವರಿಗೂ ಮಗುವಿಗೂ ಹಿತ. ಕಾರುಗಳಿಲ್ಲದ ಊರು, ಕಣಿವೆಯ ಆಚೆ ಐಗರ್, ಮೋಂಕ್, ಯುಂಗ್‌ಫ್ರೌ ಮೂರೂ ಸಾಲಾಗಿ. ಮೋಡ ಕೊಂಚ ಸರಿದರೂ ಸಾಕು. ನನ್ನನ್ನು ಕೇಳಿದರೆ ಬೆಟ್ಟವನ್ನು ಬೆಟ್ಟವಾಗಿ ನೋಡಲು ಮೇಲೆ ಹೋಗಿ ನಿಲ್ಲುವುದಕ್ಕಿಂತ ಇದೇ ಒಳ್ಳೆಯ ಜಾಗ. ಲೌಟರ್‌ಬ್ರುನೆನ್‌ನಲ್ಲಿ ಸುಮಾರು 300 ಮೀಟರ್ ಎತ್ತರದಿಂದ ಬೀಳುವ ಸ್ಟೌಬಾಖ್ ಜಲಪಾತ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಬಂಡೆಯ ಹೊಟ್ಟೆಯೊಳಗೆ ಧುಮುಕುವ ಟ್ರ್ಯೂಮೆಲ್‌ಬಾಖ್ ಜಲಪಾತಗಳನ್ನು ಎಲ್ಲರೂ ಹೊಗಳುತ್ತಾರೆ, ನಿಜಕ್ಕೂ ಭವ್ಯ, ಆದರೆ ನಾಲ್ಕು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ, ಮೆಟ್ಟಿಲುಗಳು ಒದ್ದೆ. ಅಳಿಯಂದಿರು ದೊಡ್ಡವನನ್ನು ಕರೆದುಕೊಂಡು ಹೋಗಿಬರಲಿ.

ಜಡಿಮಳೆಯಾದರೆ ಬರ್ನ್, ರೈಲಿನಲ್ಲಿ ಒಂದು ಗಂಟೆಯೊಳಗೆ. ಹಳೆಯ ಊರಿನ ಬೀದಿಗಳ ಎರಡೂ ಬದಿಗೆ ಸುಮಾರು ಆರು ಕಿಲೋಮೀಟರ್ ಕಮಾನು ಜಗಲಿಗಳಿವೆ. ಕೊಡೆ ಬಿಚ್ಚದೆ ಗಡಿಯಾರ ಗೋಪುರದವರೆಗೂ ನಡೆಯಬಹುದು, ಗಂಟೆ ಹೊಡೆಯುವುದಕ್ಕೆ ಐದು ನಿಮಿಷ ಮೊದಲೇ ಮಕ್ಕಳನ್ನು ಅದರ ಮುಂದೆ ನಿಲ್ಲಿಸು, ಬೊಂಬೆಗಳು ಆಡುತ್ತವೆ. ಸೇತುವೆ ದಾಟಿದರೆ ನದಿಯ ದಂಡೆಯಲ್ಲಿ ಕರಡಿಗಳು. ಭಾರತದ ರಾಯಭಾರ ಕಚೇರಿ ಇರುವುದೂ ಬರ್ನ್‌ನಲ್ಲೇ. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸರಿಗೆ ದೂರು ಕೊಟ್ಟು, ಆ ಕಾಗದದ ಜೊತೆ ಅಲ್ಲಿಗೆ ಹೋಗಬೇಕು.

ಮನೆಯವರು ಬೇರೆಯಾಗಿಬಿಟ್ಟರೆ ಒಂದೇ ನಿಯಮ: ಪ್ಲಾಟ್‌ಫಾರ್ಮಿನಲ್ಲಿ ಉಳಿದವರು ಅಲ್ಲಿಂದ ಕದಲಬಾರದು, ಗಾಡಿಯಲ್ಲಿ ಹೋದವರು ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಿರುಗುವ ಗಾಡಿ ಹಿಡಿಯಬೇಕು. ಇಬ್ಬರೂ ಹುಡುಕಲು ಹೊರಟರೆ ಇಡೀ ಮಧ್ಯಾಹ್ನ ಹೋಗುತ್ತದೆ. ಇದನ್ನು ಅತ್ತೆಯವರಿಗೂ ದೊಡ್ಡವನಿಗೂ ಬಾಯಿಪಾಠ ಮಾಡಿಸು. ಅವರಿಬ್ಬರ ಜೇಬಿನಲ್ಲೂ ಹೋಟೆಲಿನ ಹೆಸರು, ನಿನ್ನ ನಂಬರು +91 ಸೇರಿಸಿ ಬರೆದ ಚೀಟಿ, ಇಪ್ಪತ್ತು ಫ್ರಾಂಕ್ ಇರಲಿ. ಪಾಪುವಿನ ಜಾಕೆಟ್ಟಿನ ಒಳಭಾಗಕ್ಕೆ ಒಂದು ಚೀಟಿ ಹೊಲಿದುಬಿಡು.

ವೈದ್ಯರು ಏನೆಂದರು ಅಂತ ಈ ಶನಿವಾರದೊಳಗೆ ಫೋನ್ ಮಾಡಿ ಹೇಳು. ಅಮ್ಮ ಅತ್ತೆಯವರಿಗೆಂದು ಉಣ್ಣೆಯ ಕಾಲುಚೀಲ ತೆಗೆದಿಟ್ಟಿದ್ದಾಳೆ, ಗೊಜ್ಜಿನ ಜೊತೆಗೇ ಕಳಿಸುತ್ತೇವೆ. ಬೀಗರಿಗೆ ನಮ್ಮ ನಮಸ್ಕಾರ ತಿಳಿಸು, ಮಕ್ಕಳಿಗೆ ಮುತ್ತು.

ಇಂತಿ,
ನಿನ್ನ ಅಪ್ಪ